ತಗಡಪ್ಪನ ಉಸಿರು

ಗೈಬುಸಾಬ ಸತ್ತದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬರುವಂಥ ಮನುಷ್ಯ ಅವನೇನೂ ಅಲ್ಲ ಎಂದು ನೀವು ಅನ್ನಬಹುದು. ಅನ್ನಿ. ಮಂತ್ರಿಯೊಬ್ಬರಿಗೆ ನೆಗಡಿಯಾದರೂ ಅರ್ಧ ಪುಟ ಬರೆಯುವ ಪತ್ರಿಕೆಗಳ ಮೇಲೆ ನನಗೆ ಮೊದಲಿನಿಂದ ಸಿಟ್ಟಿದೆ, ಈ ವಯಸ್ಸಿನಲ್ಲಿ ಅದು ಇಳಿಯುವ ಹಾಗಿಲ್ಲ. ಎಪ್ಪತ್ತೊಂಬತ್ತರ ಶ್ರಾವಣದಲ್ಲಿ, ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ತನ್ನ ಅಂಗಡಿಯೊಳಗೆ ಕತ್ತರಿ ಹಿಡಿದು ಕೂತಲ್ಲೇ ಆತ ಹೋಗಿಬಿಟ್ಟ. ಐವತ್ತೆರಡು ವರ್ಷ ಇರಬೇಕು. ಮಣ್ಣಿಗೆ ಹೋದವರು ಓಣಿಯ ಜನ ಮತ್ತು ಬಬಲೇಶ್ವರದಿಂದ ನಾನೊಬ್ಬ. ಅವನ ಬಗ್ಗೆ ನಾಲ್ಕು ಮಾತು ಬರೆಯಬೇಕಾದವನು ನಾನೇ, ಯಾಕೆಂದರೆ ಅವನ ಬದುಕಿನಲ್ಲಿ ನಡೆದ ಒಂದೇ ಒಂದು ದೊಡ್ಡ ಅನ್ಯಾಯ ನನ್ನ ಕೈಯಿಂದ ನಡೆದದ್ದು.

ಗೈಬುಸಾಬನದು ತಗಡಿನ ಕೆಲಸ. ಖಾಲಿ ಎಣ್ಣೆ ಡಬ್ಬಿ, ಡಾಲ್ಡಾ ಡಬ್ಬಿ ಕತ್ತರಿಸಿ ಚಿಮಣಿ, ಎಣ್ಣೆ ಸುರಿಯುವ ಲಾಳಿಕೆ, ಕಾಳಿನ ಡಬ್ಬಿ ಮಾಡುತ್ತಿದ್ದ. ಸಂತೆಯ ದಿನ ಮಾಲನ್ನು ಗೋಣಿಚೀಲಕ್ಕೆ ತುಂಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ಟಿಕೋಟಾಕ್ಕೆ ಬರುತ್ತಿದ್ದ, ಬಬಲೇಶ್ವರಕ್ಕೆ ಬರುತ್ತಿದ್ದ. ನಮ್ಮ ರಸ್ತೆ ನಿಮಗೆ ಗೊತ್ತಲ್ಲ, ಬಸ್ಸು ಕುಪ್ಪಳಿಸಿದಾಗಲೆಲ್ಲ ಮೇಲಿನ ಡಬ್ಬಿಗಳು ಡಣಡಣ ಅನ್ನುತ್ತಿದ್ದವು. "ಗೈಬುಸಾಬ ಬಂದಾನಂದ್ರ ಹಾರ್ನ್ ಹೊಡಿಯೂದೇ ಬ್ಯಾಡ್ರಿ" ಎಂದು ಕಂಡಕ್ಟರು ನಗುತ್ತಿದ್ದ. ಗಿಡ್ಡ ಆಳು, ಬೆಸುಗೆ ಹಾಕಿ ಹಾಕಿ ಸುಟ್ಟ ಬೆರಳುಗಳು, ಮಾತು ಕಡಿಮೆ. ಆಡಿದರೆ ಎದುರಿನವನು ಸಾಹೇಬನೋ ಸಿಪಾಯಿಯೋ ನೋಡದೆ ಆಡುತ್ತಿದ್ದ. ಬಬಲೇಶ್ವರದ ಹೈಸ್ಕೂಲಿನಲ್ಲಿ ನಾನು ಮಾಸ್ತರ. ನಮ್ಮ ಸಾಲೆಯ ನೀರಿನ ಪೀಪಾಯಿ ಸೋರುತ್ತಿದೆ ಎಂದು ಕರೆಸಿದಾಗ ಅವನು ಆಡಿದ ಮೊದಲ ಮಾತೇ, "ಇದರಾಗಿನ ನೀರು ಕುಡದು ಹುಡುಗ್ರು ಇನ್ನೂ ಬದುಕ್ಯಾರಂದ್ರ ನಿಮ್ಮ ನಸೀಬು ದೊಡ್ಡದ್ರಿ ಮಾಸ್ತರ" ಎನ್ನುವುದು. ನನಗೆ ಸಿಟ್ಟು ಬಂತು. ಆಮೇಲೆ ಪೀಪಾಯಿಯೊಳಗೆ ಬಗ್ಗಿ ನೋಡಿದೆ. ಅಂದಿನಿಂದ ನಮ್ಮಿಬ್ಬರ ಸ್ನೇಹ.

ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ವಿಜಾಪುರದಲ್ಲಿ ಹೋಮಗಾರ್ಡಿನವರ ಒಂದು ಕ್ಯಾಂಪು ನಡೆಯಿತು. ಬಾಂಬು ಬಿದ್ದರೆ ಏನು ಮಾಡಬೇಕು, ಗಾಯಕ್ಕೆ ಪಟ್ಟಿ ಹೇಗೆ ಕಟ್ಟಬೇಕು, ಇಂಥವು. ವಿಜಾಪುರದ ಮೇಲೆ ಬಾಂಬು ಹಾಕಲು ಯಾರಿಗೂ ಪುರಸತ್ತಿರಲಿಲ್ಲ, ಅದು ಬೇರೆ ಮಾತು. ಗೈಬುಸಾಬ ಹೆಸರು ಕೊಟ್ಟು ಹೋದ. ಅಲ್ಲಿ ಬಟ್ಟೆ ತುಂಬಿದ ಒಂದು ಬೊಂಬೆಯನ್ನು ಮಲಗಿಸಿ, ಉಸಿರು ನಿಂತವನಿಗೆ ಉಸಿರು ಕೊಡುವುದನ್ನು ಕಲಿಸಿದರಂತೆ. ತಲೆ ಹಿಂದಕ್ಕೆ ಬಾಗಿಸಬೇಕು, ಬಾಯೊಳಗಿನ ಕಸ ತೆಗೆಯಬೇಕು, ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಬೇಕು. ನಾಡಿ ಇದ್ದರೆ ಊದಿದರಷ್ಟೇ ಸಾಕು, ಇಲ್ಲದಿದ್ದರೆ ಎದೆಯನ್ನೂ ಒತ್ತಬೇಕು. ನೀರಿನಿಂದ ತೆಗೆದ ಕೂಡಲೇ ಸತ್ತರೆಂದು ಅಳುತ್ತ ಕೂಡಬೇಡಿ, ಅಷ್ಟರಲ್ಲಿ ಎಷ್ಟೋ ಜನ ಇನ್ನೂ ಸತ್ತಿರುವುದಿಲ್ಲ ಎಂದು ಕಲಿಸುವವರು ಹೇಳಿದ್ದರು. ಈ ಒಂದು ಮಾತು ಗೈಬುಸಾಬನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಸೀಮೆಯಲ್ಲಿ ಬಾವಿಗಳು ಎಷ್ಟಿವೆಯೋ ಬಾವಿಗೆ ಬಿದ್ದವರ ಕಥೆಗಳೂ ಅಷ್ಟೇ ಇವೆ. ಅವನು ನೋಡಿದ ಒಂದೊಂದು ಹೆಣವನ್ನೂ ನೆನಸಿಕೊಂಡು, ಇವನು ಬದುಕುತ್ತಿದ್ದನೇನೋ, ಅವಳು ಬದುಕುತ್ತಿದ್ದಳೇನೋ ಎಂದು ತಿಂಗಳುಗಟ್ಟಲೆ ಹಲುಬಿದ.

ಕಲಿತದ್ದು ಮರೆಯಬಾರದೆಂದು ಮನೆಯಲ್ಲಿ ದಿಂಬಿನ ಮೇಲೆ ದಿನವೂ ಅಭ್ಯಾಸ ಮಾಡುತ್ತಿದ್ದ. ನಾನು ಹೋದಾಗ ಅವನ ಹೆಂಡತಿ ಪೀರಾಂಬಿ ಚಹಾ ತಂದಿಟ್ಟು ದೂರು ಹೇಳಿದಳು. "ನೋಡ್ರಿ ಮಾಸ್ತರ, ನಿಮ್ಮ ದೋಸ್ತ ದಿಂಬಿನ ಜೋಡಿ ಹೊಸಾ ಸಂಸಾರ ಹೂಡ್ಯಾನ. ಹತ್ತಿ ಎಲ್ಲಾ ಹೊರಗ ಬಂದೈತಿ."

ಎಪ್ಪತ್ನಾಲ್ಕರಲ್ಲಿ ನಾನು ಒಂದು ನಾಟಕ ಬರೆದೆ. ಹೆಸರು 'ಯಂತ್ರಮಾನವ'. ನಾಟಕ ಬರೆಯುವ ಚಟ ನನಗೆ ಹಳೆಯದು. ಅದುವರೆಗೆ ರಾಜರಾಣಿಯರನ್ನು ಅಳಿಸಿ ಸಾಕಾಗಿ, ಹೊಸದೇನಾದರೂ ಬೇಕೆಂದು ಒಬ್ಬ ವಿಜ್ಞಾನಿಯನ್ನೂ ಅವನು ಮಾಡಿದ ಯಂತ್ರದ ಮನುಷ್ಯನನ್ನೂ ತಂದೆ. ಊರವರೆಲ್ಲ ಆ ಯಂತ್ರವನ್ನು ಗೇಲಿ ಮಾಡುತ್ತಾರೆ. ಕೊನೆಯ ಅಂಕದಲ್ಲಿ ಒಂದು ಮಗು ಬಾವಿಗೆ ಬೀಳುತ್ತದೆ. ಇಳಿಯಲು ಯಾರಿಗೂ ಧೈರ್ಯವಿಲ್ಲ, ಯಂತ್ರಮಾನವ ಇಳಿದು ಮಗುವನ್ನು ಎತ್ತಿ ತರುತ್ತಾನೆ. ಮಗು ಕಣ್ಣು ತೆರೆಯುತ್ತದೆ, ಪರದೆ ಬೀಳುತ್ತದೆ. ಯಂತ್ರದ ಮೈ ಮಾಡಿಕೊಡಲು ಗೈಬುಸಾಬನಿಗೆ ಹೇಳಿದೆ. ಅವನು ಹದಿನೆಂಟು ಡಬ್ಬಿಗಳನ್ನು ಬಿಚ್ಚಿ ತಲೆ, ಎದೆ, ಕೈಕಾಲು ಎಲ್ಲ ಮಾಡಿ ತಂದ. ಆದರೆ ಅದನ್ನು ಹೊತ್ತು ನಡೆಯುವುದು ನಮ್ಮ ಯಾವ ನಟನಿಂದಲೂ ಆಗಲಿಲ್ಲ. ಒಬ್ಬನಿಗೆ ಕಂಕುಳು ಕೊಯ್ಯಿತು, ಇನ್ನೊಬ್ಬ ಬಿದ್ದ. ಕೊನೆಗೆ ಮಾಡಿದವನೇ ಹಾಕಿಕೊಂಡು ಸಲೀಸಾಗಿ ನಡೆದು ತೋರಿಸಿದ. ಹೀಗೆ ಗೈಬುಸಾಬ ನಟನಾದ. ಹುಡುಗರು ಅವನಿಗೆ ತಗಡಪ್ಪ ಎಂದು ಹೆಸರಿಟ್ಟರು, ನನ್ನ ಯಂತ್ರಮಾನವ ಎಂಬ ಭಾರಿ ಹೆಸರು ನೋಟೀಸಿನಲ್ಲೇ ಉಳಿಯಿತು.

ಮೊದಲ ತಾಲೀಮಿನಲ್ಲೇ ಗೈಬುಸಾಬ ತಗಡಿನ ತಲೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೇಳಿದ. "ಮಾಸ್ತರ, ಬಾವ್ಯಾಗಿಂದ ತಗದ ಕೂಸು ತಾನ ಹೆಂಗ ಕಣ್ಣ ತಗೀತೈತ್ರಿ? ಉಸರ ನಿಂತಿರ್ತೈತಿ. ಯಾರರ ಊದಬೇಕಲ್ಲ?"

"ಯಾರು ಊದಬೇಕು?"

"ನಾನ. ಅಂದ್ರ ತಗಡಪ್ಪ."

ತಗಡಿನ ತಲೆ ಮತ್ತೆ ಹಾಕಿಕೊಂಡು, ಮಗುವಿನ ಪಾತ್ರದ ಹುಡುಗನನ್ನು ಮಲಗಿಸಿ, ಅಲ್ಲೇ ಮಂಡಿಯೂರಿ ಮಾಡಿ ತೋರಿಸಿದ. ತಗಡಿನ ಎರಡು ದೊಡ್ಡ ಕೈಗಳು ಆ ಪುಟ್ಟ ಎದೆಯ ಮೇಲೆ ಎಣಿಸಿ ಎಣಿಸಿ ಇಳಿದವು, ನಡುವೆ ತಗಡಿನ ಮುಖ ಬಾಗಿ ಊದಿತು. ಗೇಲಿಗೆ ನಿಂತ ಹುಡುಗರು ಬಾಯಿ ಮುಚ್ಚಿಕೊಂಡು ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಅಂದೇ ಅದನ್ನು ನಾಟಕಕ್ಕೆ ಸೇರಿಸಿದೆ. ಎಂಟು ದಿನ ಹಾಗೆಯೇ ತಾಲೀಮು ನಡೆಯಿತು.

ಒಂಬತ್ತನೆಯ ದಿನ ಬಸಲಿಂಗಯ್ಯನವರು ನೋಡಲು ಬಂದರು. ನಾಟಕ ಸಂಘದ ಹಿರಿಯರು ಅವರೇ. ಬಾವಿಗೆ ಬೀಳುವ ಮಗುವಿನ ಪಾತ್ರ ಮಾಡುತ್ತಿದ್ದವನು ಅವರ ಮೊಮ್ಮಗ. ಕೊನೆಯ ಅಂಕ ಬಂದಾಗ ಅವರ ಮುಖ ಗಂಟಾಯಿತು.

"ಮಾಸ್ತರ, ಜೀವಾ ಕೊಡೂದು ಶಿವನ ಕೆಲಸ. ಡಬ್ಬಿ ಕೆಲಸ ಅಲ್ಲ. ಇದನ್ನ ತಗೀರಿ."

ಗೈಬುಸಾಬನಿಗೆ ಅರ್ಥವಾಗಿತ್ತು. ಅವನು ಮೆಲ್ಲಗೆ, "ಬಾಯಿ ಹತ್ತೂದಿಲ್ರಿ ಅಯ್ಯನವರ, ನಡುವ ತಗಡು ಇರ್ತೈತಿ" ಎಂದ. ಬಸಲಿಂಗಯ್ಯನವರು ಅವನತ್ತ ನೋಡಲಿಲ್ಲ. ಜಾತಿಯ ಮಾತು ಅಲ್ಲಿ ಯಾರೂ ಆಡಲಿಲ್ಲ. ಆಡದೆಯೇ ಎಲ್ಲರಿಗೂ ತಿಳಿದಿತ್ತು. ಅಯ್ಯನವರೇ ಒಂದು ದಾರಿಯನ್ನೂ ಹೇಳಿದರು. ನಮ್ಮ ಹಿರಿಯರು ನೀರಲ್ಲಿ ಮುಳುಗಿದವರನ್ನು ಕುಂಬಾರನ ಮನೆಗೆ ಒಯ್ದು, ಮಡಕೆ ಮಾಡುವ ತಿಗರಿಯ ಮೇಲೆ ಬೋರಲು ಮಲಗಿಸಿ ತಿರುಗಿಸುತ್ತಿದ್ದರು, ಕುಡಿದ ನೀರೆಲ್ಲ ಹೊರಬೀಳುತ್ತಿತ್ತು. ಅದನ್ನೇ ತೋರಿಸಿದರೆ ಜನ ಒಪ್ಪುತ್ತಾರೆ, ಸ್ಟೇಜಿನ ಮೇಲೆ ತಿಗರಿ ತಿರುಗುವುದು ನೋಡಲಿಕ್ಕೂ ಚೆಂದ ಎಂದರು.

ಈಗ ನನ್ನ ಮಾತು ಬರೆಯಬೇಕು. ಬೇಡ ಎಂದು ನಾನು ಹೇಳಬಹುದಿತ್ತು. ನಾಟಕ ನಿಂತರೆ ನಿಲ್ಲಲಿ ಎನ್ನಬಹುದಿತ್ತು. ಆದರೆ ನೋಟೀಸು ಅಚ್ಚಾಗಿತ್ತು, ಅದರಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅಲ್ಲದೆ ನಾನು ಓದಿದವನು. ಓದಿದವನು ಹೆದರಿದರೂ ಹೆದರಿದೆ ಅನ್ನುವುದಿಲ್ಲ, ಅದಕ್ಕೊಂದು ತತ್ವ ಹುಡುಕಿಕೊಳ್ಳುತ್ತಾನೆ. ನಾನೂ ಹುಡುಕಿಕೊಂಡೆ.

"ನೋಡು ಗೈಬುಸಾಬ," ಎಂದೆ, "ಯಂತ್ರಕ್ಕ ತನ್ನದು ಅಂತ ಉಸಿರಿಲ್ಲ. ತನ್ನ ಕಡೆ ಇಲ್ಲದ್ದನ್ನ ಅದು ಇನ್ನೊಬ್ಬರಿಗೆ ಹೆಂಗ ಕೊಡ್ತೈತಿ? ನಾಟಕದ ಧರ್ಮಕ್ಕ ಇದು ಸಲ್ಲೂದಿಲ್ಲ."

"ನನ್ನ ಅಂಗಡ್ಯಾಗಿನ ತಿದಿಗೂ ಉಸರಿಲ್ರಿ ಮಾಸ್ತರ. ಚರ್ಮದ ಚೀಲ ಅದು. ಆದ್ರ ಆರಿದ ಬೆಂಕಿ ಹೊತ್ತಿಸ್ತೈತಿ. ಊದಾಕ ಗಾಳಿ ಸಾಕ್ರಿ, ಜೀವಾ ಯಾಕ ಬೇಕು?"

ನಾನು ಹಸ್ತಪ್ರತಿಯ ಹಾಳೆ ತಿರುವತೊಡಗಿದೆ.

"ಕ್ಯಾಂಪಿನ್ಯಾಗ ನಲವತ್ತ ಮಂದಿ ಕಲ್ತಿವಿ," ಎಂದು ಅವನೇ ಮುಂದುವರಿಸಿದ. "ನಿಮ್ಮ ಆಟಕ್ಕ ಸಾವಿರ ಮಂದಿ ಬರ್ತಾರ. ಮಂದಿ ಆಟದಾಗ ನೋಡಿದ್ದನ್ನ ಮರಿಯೂದಿಲ್ರಿ. ತಗಡಪ್ಪ ಮಾಡಿದ್ದು ನೋಡಿ ಹತ್ತು ಮಂದಿ ಕಲ್ತರೂ ಸಾಕಲ್ಲ?"

"ನಾಟಕ ಅಂದ್ರ ಕ್ಯಾಂಪ್ ಅಲ್ಲೋ ಮಾರಾಯ," ಎಂದು ನಾನು ರೇಗಿದೆ. ಬಸಲಿಂಗಯ್ಯನವರ ಮೇಲೆ ತೋರಿಸಬೇಕಾದ ಸಿಟ್ಟನ್ನು ಅವನ ಮೇಲೆ ತೋರಿಸಿದೆ. ಗೈಬುಸಾಬ ತಲೆ ತಗ್ಗಿಸಿ, "ಆತ್ರಿ. ಬರದಾವ್ರು ನೀವು, ನಿಮಗ ಗೊತ್ತಿರ್ತೈತಿ" ಎಂದ. ಅವನಿಗೆ ಓದು ಬರುತ್ತಿರಲಿಲ್ಲ. ಕಾಗದದ ಮೇಲೆ ಬರೆದದ್ದರ ಬಗ್ಗೆ ಅವನಿಗಿದ್ದ ಗೌರವಕ್ಕೆ ನಾನು ಯೋಗ್ಯನಾಗಿರಲಿಲ್ಲ.

ನಾಟಕ ಬದಲಾಯಿತು. ತಗಡಪ್ಪ ಮಗುವನ್ನು ಎತ್ತಿ ತಂದು ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಾನೆ. ಊರವರು ಓಡಿಬಂದು ಮಗುವನ್ನು ತಿಗರಿಯ ಮೇಲೆ ಹಾಕಿ ತಿರುಗಿಸುತ್ತಾರೆ. ಮಗು ಕೆಮ್ಮಿ ಎದ್ದು ಕೂಡುತ್ತದೆ. ಆಗ ವಿಜ್ಞಾನಿ ಮುಂದೆ ಬಂದು, ಯಂತ್ರ ಎಷ್ಟು ದೊಡ್ಡದಾದರೂ ಉಸಿರು ಕೊಡಲಾರದು ಎಂದು ಒಂದು ಪುಟದ ಭಾಷಣ ಮಾಡುತ್ತಾನೆ. ಬಬಲೇಶ್ವರದಲ್ಲಿ ಆಡಿದೆವು, ತೊರವಿಯಲ್ಲಿ ಆಡಿದೆವು. ಎಲ್ಲ ಕಡೆ ತಿಗರಿ ತಿರುಗುವಾಗ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನ್ನದೆಂದು ನಾನು ಹಿಗ್ಗಿದೆ.

ಟಿಕೋಟಾದಲ್ಲಿ ಮಧ್ಯಾಹ್ನವೇ ಆಡಿದೆವು, ತಗಡು ಬಿಸಿಲಿಗೆ ಹೊಳೆಯಲಿ ಎಂಬುದು ನನ್ನದೇ ಬುದ್ಧಿವಂತಿಕೆ. ಒಳಗಿದ್ದವನ ಪಾಡು ನಾನು ಯೋಚಿಸಲಿಲ್ಲ. ಆಟ ಶುರುವಾಗುವ ಮೊದಲು ಮುರಿಗೆವ್ವ ಎಂಬ ಹೆಣ್ಣುಮಗಳು ತನ್ನ ಆರೇಳು ವರ್ಷದ ಮಗಳನ್ನು ಕರೆದುಕೊಂಡು ಪರದೆಯ ಹತ್ತಿರವೇ ಬಂದು ಕೂತಿದ್ದಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಇದ್ದದ್ದು ಅದೊಂದೇ ಕೂಸು. ಹೆಸರು ಪರಸವ್ವ. ಆ ಹುಡುಗಿ ಎದ್ದುಬಂದು ತಗಡಪ್ಪನ ಹೊಟ್ಟೆಯ ಮೇಲೆ ಬೆರಳಿನಿಂದ ಬಡಿದು, "ಒಳಗ ಯಾರದೀರಿ?" ಎಂದು ಕೇಳಿತು.

"ಯಾರೂ ಇಲ್ಲ ಬೇ," ಎಂದು ಒಳಗಿನಿಂದ ದನಿ ಬಂತು.

ಹುಡುಗಿ ನಕ್ಕು ನಕ್ಕು ನೆಲಕ್ಕೆ ಕುಸಿಯಿತು. ಇನ್ನೊಮ್ಮೆ ಬಡಿಯಿತು, ಇನ್ನೊಮ್ಮೆ ಕೇಳಿತು. ಗೈಬುಸಾಬ ಆ ಬಿಸಿಲಲ್ಲಿ ಬೇಯುತ್ತ ಐದಾರು ಸಲ ಅದೇ ಉತ್ತರ ಕೊಟ್ಟ.

ಆಟ ಮುಗಿದ ಮೇಲೆ ತಗಡು ಬಿಚ್ಚಿದಾಗ ಅವನ ಭುಜದ ಮೇಲೆ ಬೊಬ್ಬೆ ಎದ್ದಿದ್ದವು. ಅದರ ಬಗ್ಗೆ ಅವನು ಏನೂ ಅನ್ನಲಿಲ್ಲ. "ಮಾಸ್ತರ, ಕೂಸಿನ್ನ ಕೆಳಗಿಟ್ಟು ಸುಮ್ನ ನಿಂದ್ರಾಕ ಆಗೂದಿಲ್ರಿ. ಆಟ ಅಂತ ಗೊತ್ತೈತಿ. ಆದ್ರೂ ಒಳಗ ಕೈ ತಾವ ಮುಂದ ಬರ್ತಾವ. ಈ ಪಾತ್ರಕ್ಕ ಇನ್ನೊಬ್ಬನ್ನ ನೋಡ್ರಿ," ಎಂದ. ಅದೇ ಕೊನೆಯ ಆಟವೆಂದು ಸಮಾಧಾನ ಹೇಳಿದೆ.

ಮರುವರ್ಷ ಬೇಸಿಗೆಯಲ್ಲಿ ಅದು ನಡೆಯಿತು. ನಾನು ಅಲ್ಲಿರಲಿಲ್ಲ. ಎಲ್ಲವನ್ನೂ ನನಗೆ ಹೇಳಿದವನು ಟಿಕೋಟಾದ ಕುಂಬಾರ ಸಾಬಣ್ಣ, ಹೇಳುವಾಗ ಅವನು ಗೋಡೆಯ ಕಡೆ ನೋಡುತ್ತಿದ್ದ.

ಸಂತೆಯ ದಿನ, ಮಧ್ಯಾಹ್ನದ ಹೊತ್ತು. ಮುರಿಗೆವ್ವ ಊರ ಹೊರಗಿನ ಬಾವಿಗೆ ನೀರಿಗೆ ಹೋಗಿದ್ದಳು. ಪರಸವ್ವ ಸಣ್ಣ ತಂಬಿಗೆ ಹಿಡಿದು ಕೆಳಗಿನ ಮೆಟ್ಟಿಲಿಗೆ ಇಳಿದು ಕಾಲು ಜಾರಿ ನೀರಿಗೆ ಬಿತ್ತು. ತಾಯಿ ಚೀರಿದ್ದು ಕೇಳಿ ಸಂತೆಯಿಂದ ಇಬ್ಬರು ಓಡಿಬಂದು ಹಾರಿ, ಒಂದೆರಡು ನಿಮಿಷದಲ್ಲೇ ಹುಡುಗಿಯನ್ನು ಮೇಲೆ ತಂದರು. ಉಸಿರಿರಲಿಲ್ಲ. ಎಲ್ಲರೂ ಏನು ಮಾಡಬೇಕೆಂದು ತಿಳಿಯದೆ ನಿಂತಾಗ ಮುರಿಗೆವ್ವಳೇ ಕೂಗಿದಳು.

"ಸಾಬಣ್ಣನ ತಿಗರಿ ಮ್ಯಾಲ ಒಯ್ಯರ್ಯೋ! ಆಟದಾಗ ನೋಡಿಲ್ಲೇನು! ಒಯ್ಯರ್ಯೋ ನನ್ನ ಕೂಸಿನ್ನ!"

ಹೌದಲ್ಲ ಎಂದು ಎಲ್ಲರಿಗೂ ನೆನಪಾಯಿತು. ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಊರೊಳಗೆ ಓಡಿದರು. ಸಂತೆಯಲ್ಲಿ ಮಾಲು ಹರವಿಕೊಂಡು ಕೂತಿದ್ದ ಗೈಬುಸಾಬ ವಿಷಯ ತಿಳಿದು ಎಲ್ಲ ಅಲ್ಲೇ ಬಿಟ್ಟು ಬಂದ. ಸಾಬಣ್ಣನ ಅಂಗಳಕ್ಕೆ ಅವನು ಬಂದಾಗ ಹುಡುಗಿಯನ್ನು ಇನ್ನೂ ತಿಗರಿಯ ಮೇಲೆ ಹಾಕಿರಲಿಲ್ಲ, ಕಟ್ಟೆಯ ಮೇಲೆ ಮಲಗಿಸಿ ತಿಗರಿಯ ಮೇಲಿನ ಮಣ್ಣು ತೆಗೆಯುತ್ತಿದ್ದರು. ಅವನು ನುಗ್ಗಿ ಮಣಿಕಟ್ಟು ಹಿಡಿದು ನೋಡಿದ.

"ತಿಗರಿ ಬ್ಯಾಡ್ರಿ! ಕೂಸಿನ್ನ ಇಲ್ಲೇ ಇರಗೊಡ್ರಿ, ನಾ ಊದ್ತೇನಿ. ನಿಮ್ಮ ಕಾಲ ಬೀಳ್ತೇನಿ, ಹೊತ್ತ ಕಳೀಬ್ಯಾಡ್ರಿ!"

ಯಾರೋ ಅವನ ರಟ್ಟೆ ಹಿಡಿದು ಎಳೆದರು. "ಲೇ ತಗಡಪ್ಪ, ಆವತ್ತ ಆಟದಾಗ ನೀನ ಕೈಕಟ್ಟಿ ನಿಂತಿದ್ದೆಲ್ಲೋ! ತಿಗರಿ ತಿರುವಿದ ಮ್ಯಾಲ ಕೂಸು ಎದ್ದಿದ್ದು ನಾವ್ಯಾರೂ ನೋಡಿಲ್ಲೇನು? ಈಗ ಏನ್ ಹೊಸಾದು ತಗದಿ?"

"ಅದು ಆಟರ್ಯೋ! ಮಾಸ್ತರ ಬರದದ್ದು!"

"ಹೆಣ್ಣಕೂಸಿನ ಬಾಯಿಗೆ ಬಾಯಿ ಇಡ್ತಾನಂತ, ಸರಸ್ರಿ ಇವನ್ನ ಆಕಡೆ," ಎಂದು ಇನ್ನೊಬ್ಬ ಕೂಗಿದ. ನಾಲ್ಕು ಜನ ಅವನನ್ನು ಅಂಗಳದ ಆಚೆಗೆ ದೂಡಿದರು. ಪರಸವ್ವಳನ್ನು ತಿಗರಿಯ ಮೇಲೆ ಬೋರಲು ಹಾಕಿ ತಿರುಗಿಸಿದರು. ಬಾಯಿಂದ ಸ್ವಲ್ಪ ನೀರು ಬಂತು. ನೀರು ಬಂದದ್ದು ನೋಡಿ ಜನಕ್ಕೆ ಹುರುಪು ಬಂತು, ಇನ್ನೂ ಜೋರಾಗಿ ತಿರುಗಿಸಿದರು. ಗೈಬುಸಾಬ ಆಚೆಯಿಂದ ಕೂಗುತ್ತಲೇ ಇದ್ದನಂತೆ. ಎಷ್ಟು ಹೊತ್ತು ತಿರುಗಿಸಿದರೆಂದು ನಾನು ಸಾಬಣ್ಣನನ್ನು ಕೇಳಿದೆ. ಅವನು ಹೇಳಲಿಲ್ಲ. ಕೊನೆಗೆ ಸಾಬಣ್ಣನೇ ಅಡ್ಡ ಕೈ ಹಾಕಿ ತನ್ನ ತಿಗರಿಯನ್ನು ನಿಲ್ಲಿಸಿ, "ಅವನ್ನ ಬಿಡ್ರಿ ಒಳಗ" ಎಂದು ಗದರಿದ.

ಆಮೇಲೆ ಗೈಬುಸಾಬ ಊದಿದ, ಒತ್ತಿದ. ಡಾಕ್ಟರು ಬಂದು ಭುಜ ಹಿಡಿದು ಎಬ್ಬಿಸುವವರೆಗೂ ಬಿಡಲಿಲ್ಲ. ಎಬ್ಬಿಸಿದ ಮೇಲೂ ಅವನ ಕೈಗಳು ಗಾಳಿಯಲ್ಲಿ ಒತ್ತುತ್ತಿದ್ದವಂತೆ. ಮಗು ಹೋಗಿತ್ತು.

ಸುದ್ದಿ ಬಬಲೇಶ್ವರಕ್ಕೆ ಬಂದ ದಿನ ನಾನು ತರಗತಿಯಲ್ಲಿ ಸಂಧಿ ಹೇಳಿಕೊಡುತ್ತಿದ್ದೆ. ಮನೆಗೆ ಹೋಗಿ ನಾಟಕದ ಹಸ್ತಪ್ರತಿ ತೆಗೆದು ಆ ಭಾಷಣ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದೆ! ಓದುತ್ತ ಓದುತ್ತ ನನ್ನ ಮೇಲೆ ನನಗೆ ಹೇಸಿಗೆ ಬಂತು. ಅಂದು ನಾನು ಊಟ ಮಾಡಲಿಲ್ಲ. ಊಟ ಬಿಟ್ಟರೆ ಯಾರಿಗೆ ಏನು ಬಂತು?

ಟಿಕೋಟಾದಲ್ಲಿ ಬೇರೆಯೇ ಮಾತು ಹಬ್ಬಿತು. ತಿಗರಿಯ ಮೇಲೆ ನೀರು ಹೋಗಿ ಕೂಸು ಇನ್ನೇನು ಏಳುವುದರಲ್ಲಿತ್ತು, ತಗಡಪ್ಪ ಬಾಯಿ ಇಟ್ಟು ಕೆಡಿಸಿದ ಎಂದು ಕೆಲವರು. ಇಲ್ಲ, ಕೂಸು ಮೊದಲೇ ಸತ್ತಿತ್ತು, ಇವನು ಬೇಕೆಂದೇ ಹೆಣದ ಬಾಯಿಗೆ ಬಾಯಿ ಇಟ್ಟ ಎಂದು ಕೆಲವರು. ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಗೈಬುಸಾಬ ಯಾರಿಗೂ ಜಗ್ಗಾಡಿ ಉತ್ತರ ಕೊಡಲಿಲ್ಲ. ತಗಡಿನ ಮೈಯನ್ನು ಕತ್ತರಿಸಿ ಲಾಳಿಕೆ ಮಾಡಿಬಿಟ್ಟ ಎಂದು ಪೀರಾಂಬಿ ಹೇಳಿದಳು. ದಿಂಬಿನ ಅಭ್ಯಾಸವನ್ನು ಮಾತ್ರ ಬಿಡಲಿಲ್ಲವಂತೆ. ಈಗ ಅವಳು ಅದನ್ನು ಹೇಳಿ ನಗಲಿಲ್ಲ.

ಮುಂದಿನದನ್ನು ಬರೆಯಲು ನಾನು ಇಷ್ಟು ವರ್ಷ ಕಾಯಬೇಕಾಯಿತು. ಮುರಿಗೆವ್ವ ಹೋದ ವರ್ಷ ತವರಿನಲ್ಲಿ ಜ್ವರ ಬಂದು ತೀರಿಕೊಂಡಳು. ಅವಳಿರುವವರೆಗೆ ಇದನ್ನು ಬರೆಯುವ ಹಾಗಿರಲಿಲ್ಲ.

ಆ ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಮೇಲೆ ನಾನು ವಿಜಾಪುರಕ್ಕೆ ಹೋದೆ. ಕ್ಷಮೆ ಕೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯಲ್ಲಿ ಅವನೆದುರು ಕೂತ ಮೇಲೆ ಒಂದೂ ಹೊರಡಲಿಲ್ಲ. ಮಳೆ, ಬೆಳೆ, ಸಾಲೆಯ ಪೀಪಾಯಿ ಎಂದು ಏನೇನೋ ಮಾತಾಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಮುರಿಗೆವ್ವ ಬಂದು ನಿಂತಳು. ಗುರುತು ಹತ್ತದಷ್ಟು ಇಳಿದುಹೋಗಿದ್ದಳು. ಜೊತೆಗೆ ಯಾರೂ ಇರಲಿಲ್ಲ. ಕೇಳುತ್ತ ಕೇಳುತ್ತ ಅಂಗಡಿ ಹುಡುಕಿಕೊಂಡು ಬಂದಿದ್ದಳು.

ಗೈಬುಸಾಬ ಎದ್ದು ನಿಂತ. "ಬಾ ತಂಗಿ, ಕೂಡು ಬಾ."

ಅವಳು ಕೂಡಲಿಲ್ಲ. ಬಾಗಿಲ ಕಟ್ಟು ಹಿಡಿದುಕೊಂಡೇ ಕೇಳಿದಳು. "ಯಣ್ಣಾ, ಒಂದ ಮಾತು ಕೇಳಾಕ ಬಂದೇನಿ. ಖರೇ ಹೇಳಬೇಕು. ತಿಗರಿ ಮ್ಯಾಲ ಹಾಕ್ರಿ ಅಂದಾಕಿ ನಾನ. ನೀ ಬ್ಯಾಡ ಬ್ಯಾಡ ಅಂತ ಕೂಗೂದು ನನಗ ಕೇಳಸ್ತಿತ್ತು. ಕೇಳಿದ್ರೂ ನಾ ಸುಮ್ನ ನಿಂತೆ. ಮೊದ್ಲ ನಿನ್ನ ಕೈಗೆ ಕೊಟ್ಟಿದ್ರ ನನ್ನ ಪರಸಿ ಉಳೀತಿತ್ತೇನು?"

ಅಂಗಡಿಯಲ್ಲಿ ತಿದಿ ಊದುವುದು ನಿಂತು ಬೆಂಕಿ ಮಂಕಾಗಿತ್ತು. ಗೈಬುಸಾಬ ತಡಮಾಡಲಿಲ್ಲ. ಅವಳ ಮುಖ ನೋಡಿಯೇ ಹೇಳಿದ.

"ಇಲ್ಲ ತಂಗಿ. ನಾ ಬಂದು ಕೈ ಹಿಡಿಯೂದರಾಗ ಕೂಸು ಹೋಗಿತ್ತು. ಬಾವ್ಯಾಗ ಹೋಗಿತ್ತು. ತಿಗರಿಯಿಂದ ಏನೂ ಆಗಿಲ್ಲ, ನಿನ್ನಿಂದ ಏನೂ ಆಗಿಲ್ಲ."

"ಮತ್ತ ನೀ ಯಾಕ ಊದಿದಿ?"

"ನಂದ ಹುಚ್ಚು. ಕಲ್ತದ್ದು ಬಿಡ್ಲಿಲ್ಲ ನೋಡು."

"ದೇವರ ಮ್ಯಾಲ ಆಣಿ ಮಾಡಿ ಹೇಳು ಯಣ್ಣಾ."

ಅವನು ಆಣೆ ಮಾಡಿದ. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ ಅಲ್ಲಾನ ಹೆಸರು ಹಿಡಿದು, ಕೂಸು ಮೊದಲೇ ಹೋಗಿತ್ತು ಎಂದ. ಮುರಿಗೆವ್ವ ಹಾಗೇ ಬಾಗಿಲಲ್ಲಿ ಕುಸಿದು ಕೂತು ಅತ್ತಳು. ಅತ್ತು ಅತ್ತು ಸಾಕಾದ ಮೇಲೆ ಪೀರಾಂಬಿ ಒಳಗಿನಿಂದ ನೀರು ತಂದುಕೊಟ್ಟಳು. ಒಂದು ರೊಟ್ಟಿ ತಿನ್ನು ಎಂದು ಒತ್ತಾಯ ಮಾಡಿದಾಗ ಅರ್ಧ ತಿಂದಳು. ಹೋಗುವಾಗ ಅವಳ ಬೆನ್ನು ಬಂದಾಗಿನಷ್ಟು ಬಾಗಿರಲಿಲ್ಲ.

ಅವಳು ಓಣಿ ತಿರುಗಿದ ಮೇಲೆ ನಾನು ಹೇಳಿದೆ. "ಗೈಬುಸಾಬ, ಇಕಿ ಹೋಗಿ ಊರಾಗ ಹೇಳ್ತಾಳ. ಹೆಣ ಅಂತ ಗೊತ್ತಿದ್ದೂ ಬಾಯಿ ಇಟ್ಟಾನ ಅನ್ನಾವ್ರ ಮಾತ ಗೆಲ್ತೈತಿ. ಟಿಕೋಟಾದಾಗ ನಿನ್ನ ಯಾರೂ ನಿಂದರಗೊಡೂದಿಲ್ಲ."

"ಗೊತ್ತೈತ್ರಿ. ಅನ್ಲಿ ಬಿಡ್ರಿ."

ಹಾಗೆಯೇ ಆಯಿತು. ಉಳಿದ ನಾಲ್ಕು ವರ್ಷ ಅವನು ಟಿಕೋಟಾ ಸಂತೆಗೆ ಕಾಲಿಡಲಿಲ್ಲ. ಆದರೆ ಆ ಗಳಿಗೆಯಲ್ಲಿ ನಾನು ಅವನ ಸಂತೆಯ ಚಿಂತೆಯಲ್ಲಿರಲಿಲ್ಲ. ನಿಜ ಹೇಳುತ್ತೇನೆ. ಕೂಸು ಬಾವಿಯಲ್ಲೇ ಹೋಗಿತ್ತು ಎಂದು ಅವನು ಆಣೆ ಮಾಡಿದಾಗ ನನ್ನ ಎದೆಯ ಮೇಲಿಂದ ದೊಡ್ಡ ಭಾರ ಇಳಿದಂತಾಗಿತ್ತು. ಹಾಗಾದರೆ ನನ್ನ ನಾಟಕದಿಂದ ಯಾರೂ ಸಾಯಲಿಲ್ಲ. ಎಷ್ಟೋ ವಾರಗಳ ಮೇಲೆ ಮೊದಲ ಸಲ ಎದೆ ತುಂಬ ಉಸಿರು ಬಿಟ್ಟೆ. ಮುಖದ ಮೇಲೂ ಅದು ಕಂಡಿರಬೇಕು.

"ಅಂತೂ ಸಮಾಧಾನ ಆತೋ ಮಾರಾಯ," ಎಂದೆ. "ಮೊದ್ಲ ಹೋಗಿತ್ತಂದ್ರ ಯಾರೇನು ಮಾಡಾಕ ಬರ್ತೈತಿ? ಯಾರದೂ ತಪ್ಪಲ್ಲ."

ಗೈಬುಸಾಬ ಕತ್ತರಿ ಕೆಳಗಿಟ್ಟ.

"ಮಾಸ್ತರ, ಆ ಮಾತು ಅಕೀಗೆ ಹೇಳಿದ್ದು. ನಿಮಗಲ್ಲ."

ಅವನು ತನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ತೋರಿಸಿದ.

"ಕಟ್ಟಿ ಮ್ಯಾಲ ಕೈ ಹಿಡದಾಗ ನಾಡಿ ಇತ್ರಿ. ಸಣ್ಣಗ ಬಡೀತಿತ್ತು, ಆದ್ರ ಇತ್ತು. ಎದಿ ಒತ್ತೂದೂ ಬೇಕಿದ್ದಿಲ್ಲ. ಬರೇ ಊದಿದ್ರ ಸಾಕಿತ್ತು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಜಗಳವಾಡುತ್ತಿದ್ದೆ, ಬಸಲಿಂಗಯ್ಯನವರ ಹೆಸರು ಹೇಳುತ್ತಿದ್ದೆ. ಹೇಳುವುದನ್ನು ಹೇಳಿ ಅವನು ಬೆಂಕಿಗೆ ಎರಡು ಇದ್ದಿಲು ಹಾಕಿ ಕೂತ. ನಾನು ಏಳಲು ಹೋದೆ. ಮತ್ತೆ ಅಲ್ಲೇ ಕೂತೆ. ಹೊರಗೆ ಗುಮ್ಮಟ ನೋಡಲು ಬಂದ ಮಂದಿ ನಗುತ್ತ ಹೋಗುತ್ತಿದ್ದರು. ಗೈಬುಸಾಬ ಎದ್ದು ಬಂದು ನನ್ನ ರಟ್ಟೆಗೆ ಕೈಕೊಟ್ಟು ಎಬ್ಬಿಸಿ, ಹಾಗೆ ಹಿಡಿದುಕೊಂಡೇ ಬಬಲೇಶ್ವರದ ಬಸ್ಸಿನವರೆಗೆ ನಡೆಸಿಕೊಂಡು ಬಂದು ನನ್ನನ್ನು ಹತ್ತಿಸಿದ.